ಮಗು ಅಂಗಳದಲ್ಲೇ ಉಳಿದುಹೋಯ್ತು, ಟೀಚರ್ ನನಗೆ ಹೇಳಲೇ ಇಲ್ಲ, ಈಗ ಏನು ಮಾಡ್ಲಿ?

ಪ್ರಶ್ನೆ: ಮೂರು ವರ್ಷದಿಂದ ಒಂದು ಡೇ ಕೇರ್ ನಡೆಸ್ತಿದೀನಿ. ಎಂಟು ತಿಂಗಳಿಂದ ಐದು ವರ್ಷದವರೆಗಿನ 30 ಮಕ್ಕಳು, ಆರು ಜನ ಸ್ಟಾಫ್. ಹೋದ ವಾರ ಅಂಗಳದಲ್ಲಿ ಆಟ ಮುಗಿಸಿ ಒಳಗೆ ಬರುವಾಗ ಎರಡೂವರೆ ವರ್ಷದ ಒಂದು ಮಗು ಜಾರುಬಂಡೆ ಹಿಂದೆ ಉಳಿದುಬಿಟ್ಟಿದೆ. ಏಳು ನಿಮಿಷ ಆದ್ಮೇಲೆ ಅಡುಗೆಯವರು ಕಿಟಕಿಯಿಂದ ನೋಡಿ ಕರ್ಕೊಂಡು ಬಂದಿದಾರೆ. ಮಗುಗೆ ಏನೂ ಆಗಿಲ್ಲ. ಆದ್ರೆ ಟೀಚರ್ ನನಗೆ ಹೇಳಲಿಲ್ಲ, ಎರಡು ದಿನ ಬಿಟ್ಟು ಸಿಸಿಟಿವಿಲಿ ನಾನೇ ನೋಡಿದ್ದು. ಮಕ್ಕಳು ಅತಿ ಹೆಚ್ಚು ಹಚ್ಕೊಂಡಿರೋದೂ ಅವರನ್ನೇ. ಕೆಲಸದಿಂದ ತೆಗಿ ಅಂತ ಮನೆಯವರು ಹೇಳ್ತಾರೆ, ತಪ್ಪಿಗಿಷ್ಟು ಅಂತ ಸಂಬಳದಲ್ಲಿ ಹಿಡಿ, ಇನ್ನಷ್ಟು ಕ್ಯಾಮೆರಾ ಹಾಕು ಅಂತ ಗೆಳತಿಯೊಬ್ಬರು ಹೇಳ್ತಾರೆ. ಉಳಿದ ಸ್ಟಾಫ್ ಮಂಕಾಗಿದಾರೆ, ಒಬ್ಬರು ಬಿಡ್ತೀನಿ ಅಂತಿದಾರೆ. ಮಗುವಿನ ಅಪ್ಪ ಅಮ್ಮಂಗೆ ಇನ್ನೂ ಹೇಳಿಲ್ಲ. ದಾರಿ ತೋರಿಸಿ.

ಉತ್ತರ: ಮೇಡಂ, ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಅಪ್ಪ ಅಮ್ಮನ ಬಗ್ಗೆ ಬರೆದ ಮಾತಿಂದಲೇ ಶುರು ಮಾಡ್ತೀನಿ. ಅಪ್ಪ ಅಮ್ಮಂಗೆ ಇವತ್ತೇ ಹೇಳಿ, ನಾಳೆಗೆ ಇಡಬೇಡಿ. ವಾಟ್ಸಾಪ್ ಮೆಸೇಜ್ ಹಾಕಬೇಡಿ, ಮಗುವನ್ನ ಕರ್ಕೊಂಡು ಹೋಗೋಕೆ ಬಂದಾಗ ಹತ್ತು ನಿಮಿಷ ಒಳಗೆ ಕೂರಿಸಿ ನೀವೇ ಮಾತಾಡಿ. ಏನಾಯ್ತು, ಎಷ್ಟು ಹೊತ್ತು, ಯಾರು ನೋಡಿದ್ರು, ಮಗು ಹೇಗಿತ್ತು, ನಿಮಗೆ ಯಾವಾಗ ಗೊತ್ತಾಯ್ತು, ತಡವಾಗಿ ಯಾಕೆ ಹೇಳ್ತಿದೀರ, ಇಷ್ಟನ್ನ ಇದ್ದ ಹಾಗೇ ಹೇಳಿ, ಕ್ಷಮೆ ಕೇಳಿ, ಈಗ ಏನು ಬದಲಾಯಿಸಿದೀರ ಅಂತ ತೋರಿಸಿ. "ಏನೂ ಆಗ್ಲಿಲ್ವಲ್ಲ" ಅನ್ನೋ ಮಾತು ಮಾತ್ರ ನಿಮ್ಮ ಬಾಯಿಂದ ಬರಬಾರದು, ಅದನ್ನ ಹೇಳೋ ಹಕ್ಕು ಇರೋದು ಅವರಿಗೆ ಮಾತ್ರ. ಅವರು ಕೂಗಾಡಬಹುದು, ಮಗುವನ್ನ ಬಿಡಿಸಿಕೊಂಡು ಹೋಗಲೂಬಹುದು. ಹೋದ್ರೂ ಹೇಳಲೇಬೇಕು. ಟೀಚರ್ ಹೆಸರು ಹೇಳಿ ಅವರ ಮೇಲೆ ಹಾಕಬೇಡಿ, ಕೇಂದ್ರ ನಿಮ್ಮದು, ಜವಾಬ್ದಾರಿ ನಿಮ್ಮದು. ನಿಮಗೆ ಲೈಸೆನ್ಸ್ ಕೊಟ್ಟ ಇಲಾಖೆಗೆ ಇಂಥ ಘಟನೆ ತಿಳಿಸಬೇಕು ಅಂತ ನಿಯಮ ಇದ್ರೆ ಅದನ್ನೂ ಜೊತೆಗೇ ಮಾಡಿ ಮುಗಿಸಿ.

ಈಗ ಟೀಚರ್ ವಿಷಯಕ್ಕೆ ಬರ್ತೀನಿ. ಇಲ್ಲಿ ಎರಡು ಬೇರೆ ಬೇರೆ ಸಂಗತಿ ಇದೆ, ನೀವು ಎರಡನ್ನೂ ಒಂದೇ ಗಂಟಲ್ಲಿ ಕಟ್ಟಿದೀರ ಅನ್ಸತ್ತೆ. ಮಗು ಹೊರಗೆ ಉಳಿದಿದ್ದು ಒಂದು, ಅದನ್ನ ಮುಚ್ಚಿಟ್ಟಿದ್ದು ಇನ್ನೊಂದು. ನನಗಂತೂ ಎರಡನೇದೇ ಹೆಚ್ಚು ಭಯ ಹುಟ್ಟಿಸೋದು, ಯಾಕಂದ್ರೆ ಅಷ್ಟು ಒಳ್ಳೆ ಟೀಚರೇ ನಿಮ್ಮ ಹತ್ರ ಬಂದು ಹೇಳೋಕೆ ಹೆದರಿದಾರೆ ಅಂದ್ರೆ ಉಳಿದವರು ಇನ್ನೂ ಏನೇನು ಹೇಳದೆ ಇಟ್ಕೊಂಡಿರಬಹುದು ಯೋಚನೆ ಮಾಡಿ, ಮತ್ತೆ ಅಡುಗೆಯವರೂ ನೋಡಿದಾರೆ, ಅವರೂ ಹೇಳಿಲ್ಲ. ಅಂದ್ರೆ ನಿಮ್ಮ ಕೇಂದ್ರದಲ್ಲಿ ಕೆಟ್ಟ ಸುದ್ದಿ ಮೇಲಕ್ಕೆ ಬರೋ ದಾರಿ ಮುಚ್ಚಿದೆ. ಅದನ್ನ ತೆರೆಯದೆ ಬೇರೆ ಏನು ಮಾಡಿದ್ರೂ ಪ್ರಯೋಜನ ಇಲ್ಲ.

ನಾನು ಸೂಪರ್‌ವೈಸರ್ ಆಗಿದ್ದ ಮೊದಲ ವರ್ಷ ಒಬ್ಬ ಆಯಾ ಬಂದು "ಹಿಂದಿನ ಗೇಟಿನ ಚಿಲಕ ಸಡಿಲ ಆಗಿದೆ, ನಿನ್ನೆ ಒಂದು ಮಗು ತಳ್ಳಿದಾಗ ತೆರ್ಕೊಂಡ್ತು" ಅಂದ್ರು. ನಾನು ಏನು ಹೇಳ್ದೆ ಗೊತ್ತಾ, "ಮಗು ಗೇಟ್ ತನಕ ಹೋಗೋವರೆಗೂ ನೀವೇನು ಮಾಡ್ತಿದ್ರಿ" ಅಂದೆ. ಎಲ್ಲರ ಮುಂದೆ. ಅವತ್ತಿಂದ ಸುಮಾರು ಒಂದು ವರ್ಷ ನನ್ನ ಹತ್ರ ಯಾರೂ ಯಾವ ತೊಂದರೆನೂ ತರಲಿಲ್ಲ, ನಾನು ಎಲ್ಲ ಚೆನ್ನಾಗಿ ನಡೀತಿದೆ ಅಂದ್ಕೊಂಡಿದ್ದೆ. ಆ ಒಂದು ವಾಕ್ಯದ ನೆನಪಾದ್ರೆ ಈಗಲೂ ಹೊಟ್ಟೆ ಹಿಂಡತ್ತೆ.

ಜೇಮ್ಸ್ ರೀಸನ್ ಅಂತ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು ವಿಮಾನ, ಆಸ್ಪತ್ರೆ, ಅಣುಸ್ಥಾವರ ಇಂಥ ಕಡೆ ಆಗೋ ಅವಘಡಗಳ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದವರು. ತೂತಿರೋ ಚೀಸ್ ಹೋಳುಗಳನ್ನ ಒಂದರ ಹಿಂದೆ ಒಂದು ನಿಲ್ಲಿಸಿದ ಚಿತ್ರ ಅವರದ್ದೇ. ಒಂದೊಂದು ಹೋಳೂ ಒಂದೊಂದು ಕಾವಲು, ಎಲ್ಲದರಲ್ಲೂ ತೂತು ಇದ್ದೇ ಇರತ್ತೆ, ಎಲ್ಲ ತೂತು ಒಂದೇ ಸಾಲಿಗೆ ಬಂದ ದಿನ ಅಪಾಯ ನೇರ ಒಳಗೆ ನುಗ್ಗತ್ತೆ. ನಿಮ್ಮ ಅಂಗಳದಲ್ಲಿ ಅವತ್ತು ಏನೇನು ಸಾಲಿಗೆ ಬಂತು? ಟೀಚರ್ ಜೊತೆಗಿರಬೇಕಾದ ಹೆಲ್ಪರ್ ಎಲ್ಲಿದ್ರು, ಡಯಾಪರ್ ಬದಲಾಯಿಸೋಕೆ ಒಳಗೆ ಹೋಗಿದ್ರಾ? ಅದೇ ಹೊತ್ತಿಗೆ ಯಾರಾದ್ರೂ ಪೋಷಕರು ಬೇಗ ಬಂದು ಬಾಗಿಲಲ್ಲಿ ನಿಂತ್ರಾ? ಜಾರುಬಂಡೆ ಹಿಂದಿನ ಜಾಗ ಬಾಗಿಲಿಂದ ಕಾಣತ್ತಾ? ಎಣಿಸೋದು ಯಾರ ಕೆಲಸ ಅಂತ ಎಲ್ಲಾದ್ರೂ ಬರೆದಿತ್ತಾ? ಈ ಪ್ರಶ್ನೆಗಳಿಗೆ ಉತ್ತರ ಸಿಗೋ ತನಕ ಯಾರದ್ದೂ ತಲೆದಂಡ ಬೇಡ. ಅವರನ್ನ ತೆಗೆದು ಹೊಸಬರನ್ನ ಅದೇ ಬಾಗಿಲಲ್ಲಿ ನಿಲ್ಲಿಸಿದ್ರೆ ಅದೇ ಜಾರುಬಂಡೆ ಹಿಂದೆ ಇನ್ನೊಂದು ಮಗು ಉಳಿಯತ್ತೆ, ಆ ಹೊಸಬರಿಗೆ ಮಕ್ಕಳ ಹೆಸರೂ ಸರಿಯಾಗಿ ಗೊತ್ತಿರಲ್ಲ.

ಕ್ಯಾಮೆರಾ ಬೇಡ ಅಂತಲ್ಲ. ಆದ್ರೆ ನಿಮ್ಮ ಕ್ಯಾಮೆರಾ ಆ ಏಳು ನಿಮಿಷವನ್ನೂ ನೋಡಿದೆ, ಒಂದು ಕೂಗು ಹಾಕಲಿಲ್ಲ. ಎರಡು ದಿನ ಆದ್ಮೇಲೆ ನೀವು ನೋಡಿದ್ದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಇನ್ನು ಸಂಬಳ ಹಿಡಿಯೋದು, ಅದಂತೂ ಖಂಡಿತ ಬೇಡ. ಹೇಳಿದ್ರೆ ದುಡ್ಡು ಹೋಗತ್ತೆ, ಹೇಳದಿದ್ರೆ ಉಳಿಯತ್ತೆ ಅಂತ ನೀವೇ ಕಲಿಸಿಕೊಟ್ಟ ಹಾಗಾಗತ್ತೆ.

ಎಣಿಕೆ ಬಗ್ಗೆ ಸ್ವಲ್ಪ ಉದ್ದವಾಗೇ ಬರೀತೀನಿ, ಯಾಕಂದ್ರೆ ಮಕ್ಕಳು ಹೆಚ್ಚಾಗಿ ಕಳೆದುಹೋಗೋದು ಆಟದ ಮಧ್ಯೆ ಅಲ್ಲ, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವಾಗ. ಅಂಗಳದಿಂದ ಒಳಗೆ, ಊಟದಿಂದ ಮಲಗೋ ರೂಮಿಗೆ, ವ್ಯಾನಿಂದ ಕೆಳಗೆ, ಒಬ್ಬ ಟೀಚರ್ ಕೈಯಿಂದ ಇನ್ನೊಬ್ಬರ ಕೈಗೆ. ಹಾಗಾಗಿ ಪ್ರತಿ ಸಲ ಹೊರಡೋ ಮುಂಚೆ ಒಂದು ಸಲ, ತಲುಪಿದ ಮೇಲೆ ಒಂದು ಸಲ ಎಣಿಸಬೇಕು. ಬರೀ ತಲೆ ಎಣಿಸಿದ್ರೆ ಸಾಲದು, ಕೈಯಲ್ಲಿ ಹಾಜರಿ ಪಟ್ಟಿ ಹಿಡ್ಕೊಂಡು ಹೆಸರು ಓದಿ ಆ ಮುಖ ನೋಡಿ ಟಿಕ್ ಹಾಕಬೇಕು. ಒಂದು ಕಡೆ ನಾನೇ ನೋಡಿದೀನಿ, ಎಣಿಕೆ 14 ಅಂತ ಸರಿಯಾಗೇ ಬಂತು, ಎಲ್ಲರೂ ನಿಶ್ಚಿಂತೆಯಿಂದ ಬಾಗಿಲು ಹಾಕಿದ್ರು, ಆದ್ರೆ ಆ 14ರಲ್ಲಿ ಒಂದು ಮಗು ಪಕ್ಕದ ಗುಂಪಿಂದು, ಇವರ ಮಗು ಇನ್ನೂ ಮರಳಲ್ಲಿ ಆಡ್ತಾ ಕೂತಿತ್ತು. ಎಣಿಸಿ ಆದ್ಮೇಲೆ ಕೊನೆಗೆ ಒಬ್ಬರು ಇಡೀ ಅಂಗಳ ಒಂದು ಸುತ್ತು ಹಾಕಿ, ಜಾರುಬಂಡೆ ಹಿಂದೆ, ಆಟದ ಮನೆ ಒಳಗೆ, ಟಾಯ್ಲೆಟ್ ಬಾಗಿಲ ಹಿಂದೆ ಬಗ್ಗಿ ನೋಡಿ, ಆಮೇಲೆ ತಾವು ಒಳಗೆ ಬಂದು ಬಾಗಿಲು ಹಾಕಬೇಕು. ಆ ಕೊನೆಯವರು ಯಾರು ಅನ್ನೋದು ಬೆಳಿಗ್ಗೆನೇ ಬೋರ್ಡ್ ಮೇಲೆ ಹೆಸರು ಸಮೇತ ಇರಲಿ. ಎಲ್ಲರ ಕೆಲಸ ಅಂದ್ರೆ ಯಾರ ಕೆಲಸವೂ ಅಲ್ಲ.

ವ್ಯಾನ್ ಇದ್ರೆ ಇದೇ ನಿಯಮ ಹತ್ತು ಪಟ್ಟು ಗಟ್ಟಿಯಾಗಿರಬೇಕು. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ವಾಹನದ ಒಳಗಿನ ಬಿಸಿ ಮೊದಲ ಹತ್ತೇ ನಿಮಿಷದಲ್ಲಿ 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಹುದು, ಚಿಕ್ಕ ಮಗುವಿನ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯತ್ತೆ. ಡ್ರೈವರ್ ಹೊರತಾಗಿ ಇನ್ನೊಬ್ಬರು ಕೊನೆ ಸೀಟಿನ ತನಕ ನಡ್ಕೊಂಡು ಹೋಗಿ, ಸೀಟಿನ ಕೆಳಗೂ ನೋಡಿ, ಸಹಿ ಹಾಕಿದ ಮೇಲೇ ವ್ಯಾನ್ ಬೀಗ. ಇನ್ನೊಂದು, ಬರಬೇಕಾದ ಮಗು ಬೆಳಿಗ್ಗೆ ಬರದೇ ಇದ್ರೆ, ಮನೆಯಿಂದ ಫೋನೂ ಬಂದಿಲ್ಲ ಅಂದ್ರೆ, ನೀವೇ ಫೋನ್ ಮಾಡಿ ಕೇಳಿ. ನಿದ್ದೆ ಹೋದ ಮಗುವನ್ನ ಕಾರಲ್ಲೇ ಮರೆತು ಕೆಲಸಕ್ಕೆ ಹೋದ ತಂದೆ ತಾಯಂದಿರು ಬೇರೆ ಬೇರೆ ದೇಶಗಳಲ್ಲಿ ಇದಾರೆ, ಅವರೇನೂ ಪ್ರೀತಿ ಇಲ್ಲದವರಲ್ಲ. ಆ ಒಂದು ಫೋನಿಂದ ಒಂದು ಜೀವ ಉಳಿಯಬಹುದು.

30 ಮಕ್ಕಳಿಗೆ ಆರು ಜನ ಅಂದ್ರಿ, ಪೇಪರ್ ಮೇಲೆ ಐದಕ್ಕೆ ಒಬ್ಬರು. ದೇಶ ದೇಶಕ್ಕೂ ನಿಯಮ ಬೇರೆ, ಇಂಗ್ಲೆಂಡಲ್ಲಿ ನೋಡಿದ್ರೆ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಇರಬೇಕು, ಎರಡು ವರ್ಷದವರಿಗೆ ನಾಲ್ಕಕ್ಕೆ ಒಬ್ಬರು ಅಂತಿದ್ದದ್ದನ್ನ 2023ರಲ್ಲಿ ಐದಕ್ಕೆ ಒಬ್ಬರು ಅಂತ ಮಾಡಿದ್ರು. ನಿಮ್ಮ ಕಡೆ ನಿಯಮ ಏನೇ ಇರಲಿ, ನೀವು ನೋಡಬೇಕಾದ್ದು ಸರಾಸರಿ ಅಲ್ಲ. ಒಂದು ದಿನ ಪೆನ್ನು ಪೇಪರ್ ಹಿಡ್ಕೊಂಡು ಕೂತು ಹದಿನೈದು ನಿಮಿಷಕ್ಕೊಂದು ಸಲ ಯಾವ ರೂಮಲ್ಲಿ ಎಷ್ಟು ಮಕ್ಕಳು, ನಿಜವಾಗಿ ಮಕ್ಕಳ ಮೇಲೆ ಕಣ್ಣಿಟ್ಟಿರೋ ದೊಡ್ಡವರು ಎಷ್ಟು ಅಂತ ಬರೀರಿ. ಫೋನಲ್ಲಿರೋರು, ಪಾತ್ರೆ ತೊಳೀತಿರೋರು, ಡಯಾಪರ್ ಬದಲಾಯಿಸ್ತಿರೋರು ಲೆಕ್ಕಕ್ಕಿಲ್ಲ. ಮಧ್ಯಾಹ್ನ ಊಟದ ಹೊತ್ತಲ್ಲಿ, ಸಂಜೆ ಮನೆಗೆ ಹೋಗೋ ಹೊತ್ತಲ್ಲಿ ಐದಕ್ಕೆ ಒಬ್ಬರು ಇದ್ದಿದ್ದು ಹನ್ನೆರಡಕ್ಕೆ ಒಬ್ಬರು ಆಗಿರತ್ತೆ, ಬಹುಪಾಲು ಕಡೆ ನಾನು ಕಂಡಿದ್ದು ಇದನ್ನೇ. ಸಾಧ್ಯ ಆದ್ರೆ ಯಾವ ಗುಂಪಿಗೂ ಸೇರದ ಒಬ್ಬರನ್ನ ಆ ಎರಡು ಹೊತ್ತಿಗಾದ್ರೂ ಇಟ್ಕೊಳ್ಳಿ. ಅದು ಆಗಲ್ಲ ಅಂದ್ರೆ ಆ ಹೊತ್ತಲ್ಲಿ ನಿಮ್ಮ ಆಫೀಸ್ ಬಾಗಿಲು ಹಾಕಿ ನೀವೇ ಹೊರಗೆ ಬಂದು ನಿಲ್ಲಿ.

ಇನ್ನು ಸದ್ದಿಲ್ಲದೆ ಬರೋ ಅಪಾಯಗಳು. ಬಿದ್ದು ಮಂಡಿ ತರಚಿಕೊಂಡ ಮಗು ಊರಿಗೆಲ್ಲ ಕೇಳೋ ಹಾಗೆ ಅಳತ್ತೆ, ಅದಕ್ಕೆ ಎಲ್ಲರೂ ಓಡ್ತಾರೆ. ಉಸಿರು ಕಟ್ಟಿದ ಮಗು, ನೀರಲ್ಲಿ ಮುಳುಗಿದ ಮಗು ಸದ್ದೇ ಮಾಡಲ್ಲ. ನಿಮ್ಮ ಹತ್ರ ಒಂದು ವರ್ಷದೊಳಗಿನ ಮಕ್ಕಳೂ ಇದಾವಲ್ಲ, ಅವನ್ನ ಪ್ರತಿ ಸಲ, ಹತ್ತು ನಿಮಿಷದ ನಿದ್ದೆ ಆದ್ರೂ, ಅಂಗಾತ ಮಲಗಿಸಬೇಕು. ಗಟ್ಟಿಯಾದ ಸಮತಟ್ಟಾದ ಹಾಸಿಗೆ, ದಿಂಬು ಇಲ್ಲ, ಹೊದಿಕೆ ಇಲ್ಲ, ಗೊಂಬೆ ಇಲ್ಲ. ಅಮೆರಿಕದಲ್ಲಿ 1992ರಲ್ಲಿ ಮಕ್ಕಳ ವೈದ್ಯರ ಸಂಘ ಈ ಸಲಹೆ ಕೊಟ್ಟು 1994ರಲ್ಲಿ ದೊಡ್ಡ ಪ್ರಚಾರ ಶುರುವಾದ ಮೇಲೆ ನಿದ್ದೆಯಲ್ಲೇ ಹಠಾತ್ತಾಗಿ ತೀರಿಹೋಗೋ ಹಸುಗೂಸುಗಳ ಸಂಖ್ಯೆ ಕೆಲವೇ ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳೀತು, ಅದೂ ಯಾವ ಔಷಧಿನೂ ಇಲ್ಲದೆ. ಮನೇಲಿ ಅಂಗಾತ ಮಲಗಿ ರೂಢಿ ಇರೋ ಕೂಸನ್ನ ಇಲ್ಲಿ ಬೋರಲು ಹಾಕಿದ್ರೆ ಅಪಾಯ ಇನ್ನೂ ಜಾಸ್ತಿ. "ನಮ್ಮ ಕಾಲದಲ್ಲಿ ಬೋರಲೇ ಮಲಗಿಸ್ತಿದ್ವಿ, ಚೆನ್ನಾಗಿ ನಿದ್ದೆ ಮಾಡ್ತಿದ್ರು" ಅಂತ ಅನುಭವ ಇರೋ ಆಯಾಗಳು ಪ್ರೀತಿಯಿಂದಲೇ ಹೇಳ್ತಾರೆ, ಅವರಿಗೆ ಬೈಯಬೇಡಿ, ಯಾಕೆ ಅಂತ ಕೂರಿಸಿ ವಿವರಿಸಿ. ಮಲಗೋ ರೂಮಲ್ಲಿ ಒಬ್ಬರು ಯಾವಾಗಲೂ ಇರಬೇಕು, ಮುಖದ ಬಣ್ಣ ಕಾಣೋಷ್ಟು ಬೆಳಕಿರಬೇಕು.

ನೀರಿನ ವಿಷಯದಲ್ಲಿ ಜನ ಕೊಳ, ಟ್ಯಾಂಕ್ ಅಂತ ಯೋಚಿಸ್ತಾರೆ, ಆದ್ರೆ ಕೂಸಿಗೆ ಐದು ಸೆಂಟಿಮೀಟರ್ ನೀರು ಸಾಕು. ತಲೆ ಭಾರ ಇರೋ ವಯಸ್ಸು, ಬಕೆಟ್ ಒಳಗೆ ಬಗ್ಗಿದ್ರೆ ವಾಪಸ್ ಏಳೋಕೆ ಬರಲ್ಲ. ನೆಲ ಒರೆಸಿದ ಬಕೆಟ್ ಆ ಕ್ಷಣವೇ ಖಾಲಿ ಮಾಡಿ ಬೋರಲು ಹಾಕೋದು ನಿಮ್ಮ ಕೇಂದ್ರದ ಅಭ್ಯಾಸ ಆಗಲಿ. ಬಿಸಿ ಕಾಫಿ ಟೀ ಮಕ್ಕಳಿರೋ ರೂಮಿಗೆ ಬರಲೇಬಾರದು, ಸುಟ್ಟರೆ ತಕ್ಷಣ ಇಪ್ಪತ್ತು ನಿಮಿಷ ಹರಿಯೋ ತಣ್ಣೀರು, ಬೇರೆ ಏನೂ ಹಚ್ಚಬೇಡಿ. ದ್ರಾಕ್ಷಿ ಇಡೀ ಕೊಡಬೇಡಿ, ಉದ್ದಕ್ಕೆ ನಾಲ್ಕು ಹೋಳು ಮಾಡಿ. ಗಟ್ಟಿ ಕಾಳು ಬೀಜ ಬೇಡ. ಊಟ ಮಾಡುವಾಗ ಮಕ್ಕಳು ಕೂತಿರಲಿ, ಓಡಾಡ್ತಾ ನಗ್ತಾ ಬಾಯಿಗೆ ಹಾಕೋದು ಬೇಡ. ಆಟದ ಸಾಮಾನು ಸುಮಾರು 32 ಮಿಲಿಮೀಟರ್ ಅಗಲದ ಕೊಳವೆಯಲ್ಲಿ ಪೂರ್ತಿ ಇಳಿದ್ರೆ ಮೂರು ವರ್ಷದೊಳಗಿನವರ ಕೈಗೆ ಅದು ಸಲ್ಲದು. ಬಟನ್ ಬ್ಯಾಟರಿ (ನಾಣ್ಯದ ಹಾಗಿರೋ ಚಪ್ಪಟೆ ಬ್ಯಾಟರಿ) ಇರೋ ರಿಮೋಟ್, ಹಾಡೋ ಗೊಂಬೆ, ಮಿನುಗೋ ಶೂ ಎಲ್ಲ ಹುಡುಕಿ ನೋಡಿ, ಆ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡ್ರೆ ಎರಡೇ ಗಂಟೆಯಲ್ಲಿ ಒಳಗೆ ಸುಡತ್ತೆ. ನುಂಗಿರಬಹುದು ಅನ್ನೋ ಅನುಮಾನ ಬಂದ್ರೂ ಸಾಕು, ಕಾಯಬೇಡಿ, ನೇರ ಆಸ್ಪತ್ರೆಗೆ. ಉಸಿರು ಕಟ್ಟಿದಾಗ ಏನು ಮಾಡಬೇಕು, ಎದೆ ಒತ್ತಿ ಉಸಿರು ಕೊಡೋ ಸಿಪಿಆರ್ ಹೇಗೆ ಅನ್ನೋ ತರಬೇತಿ ಒಂದು ಸಲ ಕೊಡಿಸಿ ಸರ್ಟಿಫಿಕೇಟ್ ಗೋಡೆಗೆ ಹಾಕಿದ್ರೆ ಆಗಲ್ಲ, ಕೆಲವೇ ತಿಂಗಳಲ್ಲಿ ಕೈ ಮರೆಯತ್ತೆ. ಮೂರು ತಿಂಗಳಿಗೊಮ್ಮೆ ಗೊಂಬೆ ಇಟ್ಕೊಂಡು ಹತ್ತು ನಿಮಿಷ ಅಭ್ಯಾಸ ಮಾಡಿಸಿ, ಅಡುಗೆಯವರನ್ನೂ ಡ್ರೈವರನ್ನೂ ಸೇರಿಸಿ.

ಇಷ್ಟೆಲ್ಲ ಬರೆದೆ, ಆದ್ರೆ ಇದನ್ನೆಲ್ಲ ಮಾಡಬೇಕಾದ್ದು ಯಾರು? ಬೆಳಿಗ್ಗೆ ಎಂಟರಿಂದ ನಿಂತೇ ಇರೋ, ದಿನಕ್ಕೆ ಎಷ್ಟೋ ಸಲ ಹತ್ತು ಹನ್ನೆರಡು ಕೆಜಿ ಮಗುವನ್ನ ಎತ್ತಿ ಇಳಿಸೋ, ಮೂರು ಮಕ್ಕಳು ಒಟ್ಟಿಗೆ ಅಳ್ತಿದ್ರೂ ಮುಖದಲ್ಲಿ ನಗು ಇಟ್ಕೊಳ್ಳಬೇಕಾದ ಒಬ್ಬ ಮನುಷ್ಯ. ಮೈಯೆಲ್ಲಾ ಕಣ್ಣಾಗಿ ಇರಿ ಅಂತ ಹೇಳೋದು ಸುಲಭ, ಐದು ಗಂಟೆ ಒಂದೇ ಸಮ ಹಾಗಿರೋಕೆ ಯಾರಿಂದಲೂ ಆಗಲ್ಲ. ನಿಮ್ಮ ಟೀಚರ್ ಅವತ್ತು ಎಷ್ಟು ಹೊತ್ತಿಂದ ಕೂತಿರಲಿಲ್ಲ, ಊಟ ಮಾಡಿದ್ರಾ, ಟಾಯ್ಲೆಟ್‌ಗೆ ಹೋಗೋಕೆ ಯಾರಾದ್ರೂ ಬಿಡುವು ಕೊಟ್ಟಿದ್ರಾ, ಇದನ್ನ ಕೇಳಿದೀರಾ? ನಾನು ಯಾವ ಕೇಂದ್ರಕ್ಕೆ ಹೋದ್ರೂ ಮೊದಲು ನೋಡೋದು ಸ್ಟಾಫ್ ಎಲ್ಲಿ ಕೂತು ಊಟ ಮಾಡ್ತಾರೆ ಅನ್ನೋದನ್ನ. ಮಕ್ಕಳ ಪುಟ್ಟ ಕುರ್ಚಿ ಮೇಲೆ, ತೊಡೆ ಮೇಲೆ ಮಗು ಇಟ್ಕೊಂಡು ನುಂಗ್ತಿದ್ರೆ ಅಲ್ಲಿ ಬಿಡುವು ಅನ್ನೋದು ಇಲ್ಲ ಅಂತ ಅರ್ಥ. ದೊಡ್ಡವರ ಕುರ್ಚಿ, ಬಾಗಿಲು ಹಾಕೋಕೆ ಬರೋ ಒಂದು ಚಿಕ್ಕ ರೂಮು, ದಿನಕ್ಕೆ ಅರ್ಧ ಗಂಟೆ ಊಟಕ್ಕೆ, ಹತ್ತು ನಿಮಿಷದ್ದು ಎರಡು ಸಲ, ಇದನ್ನ ಟೈಮ್ ಟೇಬಲ್‌ನಲ್ಲೇ ಬರೀರಿ. ಬಿಡುವು ಸಿಕ್ಕಾಗ ತಗೊಳ್ಳಿ ಅಂದ್ರೆ ಅದು ಸಿಗೋದೇ ಇಲ್ಲ.

ಜ್ವರ ಬಂದ ದಿನ ಸಂಬಳ ಕಟ್ ಆಗತ್ತೆ ಅಂದ್ರೆ ಅವರು ಮಾತ್ರೆ ನುಂಗಿ ಕೆಲಸಕ್ಕೆ ಬಂದೇ ಬರ್ತಾರೆ, ಸಂಜೆ ಹೊತ್ತಿಗೆ ಆರು ಮಕ್ಕಳಿಗೆ ಜ್ವರ. ಸಂಬಳ ಸಹಿತ ರಜೆ ಅವರಿಗೆ ನೀವು ಮಾಡೋ ಉಪಕಾರ ಅಲ್ಲ, ಕೈ ತೊಳೆಯೋ ಸೋಪಿನಷ್ಟೇ ಅಗತ್ಯದ್ದು. ಸ್ಟಾಫ್‌ನಲ್ಲಿ ಯಾರಾದ್ರೂ ಬಸುರಿ ಇದ್ರೆ, ಆಗೋ ಯೋಚನೆಯಲ್ಲಿದ್ರೆ, ಚಿಕ್ಕ ಮಕ್ಕಳ ಮೂತ್ರ ಜೊಲ್ಲಿನಿಂದ ಹರಡೋ ಸೈಟೊಮೆಗಲೊವೈರಸ್ ಬಗ್ಗೆ ಅವರಿಗೆ ಹೇಳಲೇಬೇಕು, ಅದು ಹೊಟ್ಟೇಲಿರೋ ಮಗುವಿನ ಕಿವಿ ಕೇಳಿಸದ ಹಾಗೆ ಮಾಡಬಹುದು. ಆರೋಗ್ಯವಾಗಿ ಕಾಣೋ ಮಗುವಿಂದಲೂ ಬರತ್ತೆ. ಡಯಾಪರ್, ಮೂಗು, ಜೊಲ್ಲು ಒರೆಸಿದ ಮೇಲೆ ಸೋಪಲ್ಲಿ ಇಪ್ಪತ್ತು ಸೆಕೆಂಡ್ ಕೈ ತೊಳೆಯೋದು, ಮಗುವಿನ ಚಮಚದಲ್ಲಿ ತಿನ್ನದೇ ಇರೋದು, ಡಾಕ್ಟರ್ ಹತ್ರ ಮಾತಾಡೋದು. ಸೊಂಟನೋವು ಈ ಕೆಲಸದವರಿಗೆ ತಪ್ಪಿದ್ದೇ ಅಲ್ಲ ಅಂತ ಬಿಟ್ಟುಬಿಡಬೇಡಿ, ಡಯಾಪರ್ ಟೇಬಲ್‌ಗೆ ಎರಡು ಮೆಟ್ಟಿಲು ಇಟ್ರೆ ಎರಡು ವರ್ಷದ ಮಗು ತಾನೇ ಹತ್ತತ್ತೆ, ಟೀಚರ್ ಕೈ ಹಿಡಿದ್ರೆ ಸಾಕು.

ಅಳು ನಿಲ್ಲಿಸದ ಕೂಸಿನ ಜೊತೆ ಒಂದು ಗಂಟೆ ಕಳೆದವರಿಗೆ ಮಾತ್ರ ಗೊತ್ತು ಅದು ಮನುಷ್ಯರನ್ನ ಎಲ್ಲಿಗೆ ಒಯ್ಯತ್ತೆ ಅಂತ. ಹಸುಗೂಸನ್ನ ಜೋರಾಗಿ ಕುಲುಕಿದ್ರೆ ಮೆದುಳಲ್ಲಿ ರಕ್ತಸ್ರಾವ ಆಗಿ ಸಾಯಬಹುದು, ಹಾಗೆ ಮಾಡಿದವರಲ್ಲಿ ಕ್ರೂರಿಗಳಷ್ಟೇ ಅಲ್ಲ, ಸೋತು ಸುಣ್ಣ ಆದವರೂ ಇದಾರೆ. ಹಾಗಾಗಿ ನಿಮ್ಮ ಸ್ಟಾಫ್‌ಗೆ ಸ್ಪಷ್ಟವಾಗಿ ಹೇಳಿ: ತಡೆಯೋಕಾಗ್ತಿಲ್ಲ ಅನ್ನಿಸಿದ್ರೆ ಮಗುವನ್ನ ತೊಟ್ಟಿಲಲ್ಲಿ ಅಂಗಾತ ಮಲಗಿಸಿ, "ನನಗೆ ಐದು ನಿಮಿಷ ಬೇಕು" ಅಂತ ಕೂಗಿ, ಯಾರಾದ್ರೂ ಬಂದು ನಿಲ್ತಾರೆ, ಯಾಕೆ ಅಂತ ಯಾರೂ ಕೇಳಲ್ಲ. ಆ ಐದು ನಿಮಿಷ ಕೇಳಿದವರನ್ನ ಯಾರೂ ಹಂಗಿಸದ ಹಾಗೆ ನೋಡ್ಕೊಳ್ಳೋದು ನಿಮ್ಮ ಕೆಲಸ. ಪೋಷಕರು ಬಂದು ಸ್ಟಾಫ್ ಮೇಲೆ ಕೂಗಾಡಿದಾಗಲೂ ಅಷ್ಟೇ, ನೀವು ಮಧ್ಯೆ ಹೋಗಿ "ನನ್ನ ಹತ್ರ ಮಾತಾಡಿ" ಅನ್ನಿ.

ಹಾಗಂತ ಎಲ್ಲವನ್ನೂ ಕ್ಷಮಿಸಿ ಅಂತ ನಾನು ಹೇಳ್ತಿಲ್ಲ. ಮಗುವನ್ನ ಹೊಡೆಯೋದು, ಕತ್ತಲೆ ರೂಮಲ್ಲಿ ಕೂಡಿಹಾಕೋದು, ಹೆದರಿಸಿ ತಿನ್ನಿಸೋದು, ನಿದ್ದೆ ಬರಲಿ ಅಂತ ಔಷಧಿ ಕೊಡೋದು, ಮೈಮುಟ್ಟೋ ವಿಷಯದಲ್ಲಿ ಏನೇ ಅನುಮಾನ, ಇವಕ್ಕೆ ಎರಡನೇ ಅವಕಾಶ ಇಲ್ಲ. ಅವರನ್ನ ಅವತ್ತೇ ಮಕ್ಕಳಿಂದ ದೂರ ಇಟ್ಟು ಪೊಲೀಸ್ ಅಥವಾ ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ತಿಳಿಸಬೇಕು, ನೀವೇ ಒಳಗೊಳಗೆ ವಿಚಾರಣೆ ಮಾಡಿ ಮುಗಿಸೋದಲ್ಲ. ಮರೆತು ಆಗೋ ತಪ್ಪು ಬೇರೆ, ಗೊತ್ತಿದ್ದೂ ಮಾಡೋದು ಬೇರೆ. ಈ ಗೆರೆ ಎಲ್ಲಿದೆ ಅಂತ ಸ್ಟಾಫ್‌ಗೆ ಮೊದಲೇ ಗೊತ್ತಿದ್ರೆ ಗೆರೆಯ ಈಚೆ ಇರೋದನ್ನ ಧೈರ್ಯವಾಗಿ ಬಂದು ಹೇಳ್ತಾರೆ.

ಈಗ ಸೋಮವಾರದ ಮಾತು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಆ ಟೀಚರನ್ನ ಒಬ್ಬರನ್ನೇ ಕರೀರಿ. ವಿಡಿಯೋ ತೋರಿಸಿ ಸಿಕ್ಕಿಹಾಕಿಸೋ ಹಾಗೆ ಮಾತು ಶುರು ಮಾಡಬೇಡಿ, ನಿಮಗೆ ಗೊತ್ತಾಗಿದೆ ಅಂತ ಹೇಳಿ, ಅಪ್ಪ ಅಮ್ಮಂಗೆ ನೀವೇ ತಿಳಿಸಿದೀರ ಅಂತಲೂ ಹೇಳಿ. ಆಮೇಲೆ "ಅವತ್ತು ನಿಮ್ಮ ದಿನ ಹೇಗಿತ್ತು, ಮೊದಲಿಂದ ಹೇಳಿ" ಅಂತ ಕೇಳಿ ಸುಮ್ಮನೆ ಕೂತ್ಕೊಳ್ಳಿ. ಅಳಬಹುದು, ಅಳಲಿ. ಏಳು ನಿಮಿಷ ಅವರ ತಲೆಯಲ್ಲಿ ಒಂದು ವಾರದಿಂದ ಓಡ್ತಾ ಇರತ್ತೆ, ನೀವು ಹೊಸದಾಗಿ ಶಿಕ್ಷೆ ಕೊಡೋದೇನೂ ಉಳಿದಿರಲ್ಲ. ಆದ್ರೆ ಮುಚ್ಚಿಟ್ಟಿದ್ದು ತಪ್ಪು ಅಂತ ಸಡಿಲ ಮಾಡದೆ ಹೇಳಿ, ಇನ್ನೊಮ್ಮೆ ಮುಚ್ಚಿಟ್ರೆ ಕೆಲಸ ಉಳಿಯಲ್ಲ ಅಂತಲೂ ಹೇಳಿ, ಹೇಳೋಕೆ ಯಾಕೆ ಆಗಲಿಲ್ಲ ಅಂತ ಕೇಳಿ, ಉತ್ತರ ನಿಮಗೆ ನೋವಾಗೋ ಹಾಗಿದ್ರೂ ಮಧ್ಯೆ ಬಾಯಿ ಹಾಕಬೇಡಿ. ಅಂಗಳದ ಎಣಿಕೆ ಹೊಸದಾಗಿ ಹೇಗಿರಬೇಕು ಅಂತ ಯೋಚಿಸೋಕೆ ಅವರನ್ನೇ ಜೊತೆ ಸೇರಿಸಿ, ಎಲ್ಲಿ ತಪ್ಪತ್ತೆ ಅನ್ನೋದು ಅವರಷ್ಟು ಚೆನ್ನಾಗಿ ಈಗ ಯಾರಿಗೂ ಗೊತ್ತಿಲ್ಲ.

ಬಿಡ್ತೀನಿ ಅಂದವರ ಹತ್ರ ಬೇರೆಯಾಗಿ ಮಾತಾಡಿ, ಬಹುಶಃ ಅವರು ಮುಂದಿನ ಸರದಿ ನನ್ನದು ಅಂತ ಹೆದರಿದಾರೆ. ಆಮೇಲೆ ಎಲ್ಲರನ್ನೂ ಕೂರಿಸಿ ಒಂದು ನೋಟ್‌ಬುಕ್ ಮಧ್ಯದಲ್ಲಿಡಿ. ತಪ್ಪಿಹೋದ ಅಪಾಯಗಳನ್ನ ಬರೆಯೋಕೆ. ಬೀಸೋ ದೊಣ್ಣೆ ತಪ್ಪಿತು ಅಂತ ನಿಟ್ಟುಸಿರು ಬಿಟ್ಟು ಮರೆಯೋ ಬದಲು ದೊಣ್ಣೆ ಎಲ್ಲಿಂದ ಬಂತು ಅಂತ ಎರಡು ಸಾಲು, ಹೆಸರು ಬೇಕಾದ್ರೆ ಹಾಕಲಿ ಇಲ್ಲಾಂದ್ರೆ ಬೇಡ. ಮೊದಲ ಪುಟದಲ್ಲಿ ನೀವೇ ಬರೀರಿ, ನಿಮ್ಮ ಕಡೆಯಿಂದ ಏನು ತಪ್ಪಿತ್ತು ಅನ್ನೋದನ್ನ: ಎಣಿಸೋದು ಯಾರು ಅಂತ ನಾನು ನಿಗದಿ ಮಾಡಿರಲಿಲ್ಲ, ಜಾರುಬಂಡೆ ಬಾಗಿಲಿಗೆ ಕಾಣೋ ಹಾಗೆ ಇಡಿಸಿರಲಿಲ್ಲ. ಆಮೇಲೆ ಒಬ್ಬರು ಏನಾದ್ರೂ ಬರೀತಾರೆ, ಸಡಿಲ ಚಿಲಕವೋ ಒಡೆದ ಟೈಲ್ಸೋ. ಅದನ್ನ ಅವತ್ತು ಸಂಜೆಯೊಳಗೆ ಸರಿ ಮಾಡಿಸಿ, ಬರೆದವರಿಗೆ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳಿ. ಜಾರುಬಂಡೆ ಜರುಗಿಸೋಕೆ ಆಗತ್ತಾ ಅಂತಲೂ ಅವತ್ತೇ ನೋಡಿ, ಆಗದಿದ್ರೆ ಅದರ ಹಿಂದೆ ಮಕ್ಕಳು ನುಸುಳದ ಹಾಗೆ ಬೇಲಿ ಕಟ್ಟಿಸಿ.